ಮುಖದ ಬಂಗಿಗೆ ಕಾಂಪೌಂಡಿಂಗ್ ಫಾರ್ಮಸಿಯಲ್ಲಿ ಮಾಡಿಸಿದ ಕ್ರೀಮ್: ಗೊತ್ತಿರುವವರು ಹೇಳಿ

ಬೆಣ್ಣೆದೋಸೆ_ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಗೆ, ಮೇಲ್ತುಟಿಗೆ ಬಂಗು ಬಂತು. ಹೆರಿಗೆ ಆದ ಮೇಲೆ ತಾನಾಗೇ ಹೋಗುತ್ತೆ ಅಂತ ಅಮ್ಮ ಹೇಳಿದ್ದರು. ಮಗ ಈಗ ಸ್ಕೂಲಿಗೆ ಹೋಗುತ್ತಿದ್ದಾನೆ, ಬಂಗು ಹಾಗೇ ಇದೆ.

ಇಲ್ಲಿ ಚರ್ಮದ ಡಾಕ್ಟರ್ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ಆನ್‌ಲೈನಿನಲ್ಲಿ ಒಬ್ಬರಿಗೆ ಫೋಟೋ ಕಳಿಸಿದೆ. ಅವರು ಚೀಟಿ ಬರೆದು ನೇರವಾಗಿ ಕಾಂಪೌಂಡಿಂಗ್ ಫಾರ್ಮಸಿಗೇ (ಚೀಟಿ ನೋಡಿ ಔಷಧಿ ಕಲಸಿ ಕೊಡುವ ಅಂಗಡಿ) ಕಳಿಸಿದರು. ಪೋಸ್ಟಿನಲ್ಲಿ ಪಂಪ್ ಬಾಟಲಿ ಬಂದಿದೆ. ಅದರ ಮೇಲೆ ಬರೆದಿರುವುದು: ಹೈಡ್ರೋಕ್ವಿನೋನ್ ಶೇ. 8, ಟ್ರೆಟಿನಾಯಿನ್ ಶೇ. 0.025, ಫ್ಲುಯೊಸಿನೊಲೋನ್ ಶೇ. 0.01, ಕೋಜಿಕ್ ಆಸಿಡ್ ಶೇ. 1. ಕೆಳಗೆ ‘ರಾತ್ರಿ ಹಚ್ಚಿಕೊಳ್ಳಿ’ ಅಂತ ಇದೆ, ಅಷ್ಟೇ. ಎಷ್ಟು ದಿನ, ಎಷ್ಟು ಹಚ್ಚಬೇಕು, ಏನೂ ಇಲ್ಲ.

ಅಂಗಡಿಯಲ್ಲಿ ಸಿಗುವ ಟ್ಯೂಬಿಗೂ ಇದಕ್ಕೂ ಏನು ವ್ಯತ್ಯಾಸ? ಶೇ. 8 ಅಂದರೆ ಜಾಸ್ತಿ ಆಯ್ತಾ? ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿಸಿಕೊಂಡಿದ್ದೀರಾ?

ಮೈಸೂರುಪಾಕು_ಆಂಟಿ:
ಅಮ್ಮ ಹೇಳಿದ್ದು ಸುಳ್ಳಲ್ಲ ಕಣಮ್ಮಾ, ನನಗೆ ಬಂದದ್ದು ಬಾಣಂತನ ಮುಗಿಯುವಷ್ಟರಲ್ಲಿ ತಾನಾಗೇ ತಿಳಿಯಾಗಿತ್ತು. ಆ ಕೆಮಿಕಲ್ ಎಲ್ಲ ಯಾಕೆ? ನಿಂಬೆರಸಕ್ಕೆ ಅರಿಶಿನ ಕಲಸಿ ಹಚ್ಚಿ, ಹತ್ತು ನಿಮಿಷ ಎಳೆಬಿಸಿಲಿನಲ್ಲಿ ಕೂತುಕೋ.

ಕುಡ್ಲ_ಸ್ಕಿನ್:
ಆಂಟಿ, ದಯವಿಟ್ಟು ಅದೊಂದು ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ, ಸುಟ್ಟ ಜಾಗ ಇನ್ನೂ ಕಪ್ಪಾಗುತ್ತದೆ. ಬಂಗಿಗೆ ಬಿಸಿಲೇ ಮೊದಲ ಶತ್ರು. ಅರಿಶಿನ ಸಾರಿಗಿರಲಿ. (ನಾನು ಮಂಗಳೂರಿನಲ್ಲಿ ಚರ್ಮರೋಗ ವೈದ್ಯೆ. ಆಸ್ಪತ್ರೆ ಮುಗಿಸಿ ರಾತ್ರಿ ಉತ್ತರ ಬರೆಯುತ್ತೇನೆ.)

ಕುಟ್ಟಾಣಿ_ನ್ಯೂಜೆರ್ಸಿ:
ನಾನು ಇಲ್ಲಿ ಕಾಂಪೌಂಡಿಂಗ್ ಫಾರ್ಮಸಿಸ್ಟ್. ಈ ತರದ ಕ್ರೀಮ್ ಕಲಸುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲಿಗೆ, ಇಷ್ಟೊಂದು ಜನ ಕಾಂಪೌಂಡಿಂಗ್ ಕಡೆ ಯಾಕೆ ಬರುತ್ತಿದ್ದಾರೆ? ಅಮೆರಿಕದಲ್ಲಿ ಮೊದಲು ಶೇ. 2 ಹೈಡ್ರೋಕ್ವಿನೋನ್ ಕ್ರೀಮು ಚೀಟಿ ಇಲ್ಲದೆ ಅಂಗಡಿಯಲ್ಲೇ ಸಿಗುತ್ತಿತ್ತು. 2020ರಲ್ಲಿ ಬಂದ ಕೇರ್ಸ್ ಕಾಯ್ದೆಯಲ್ಲಿ ಚೀಟಿ ಇಲ್ಲದೆ ಮಾರುವ ಔಷಧಿಗಳ ನಿಯಮ ಬದಲಾಯಿತು, ಅದರ ಜೊತೆಗೆ ಇದೂ ಅಂಗಡಿಯಿಂದ ಹೋಯಿತು. ಈಗ ಎಷ್ಟೇ ಕಡಿಮೆ ಇದ್ದರೂ ಡಾಕ್ಟರ್ ಚೀಟಿ ಬೇಕು. ಕೋವಿಡ್ ಗಲಾಟೆಯಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ.

ಇನ್ನು ನಿಮ್ಮ ಬಾಟಲಿ. ಈ ಮಿಶ್ರಣದ ಮೂಲ 1975ರದ್ದು. ಫಿಲಡೆಲ್ಫಿಯಾದಲ್ಲಿ ಕ್ಲಿಗ್‌ಮನ್ ಮತ್ತು ವಿಲಿಸ್ ಅನ್ನುವವರು ಶೇ. 5 ಹೈಡ್ರೋಕ್ವಿನೋನ್, ಶೇ. 0.1 ಟ್ರೆಟಿನಾಯಿನ್, ಶೇ. 0.1 ಡೆಕ್ಸಾಮೆಥಸೋನ್ ಸೇರಿಸಿ ಒಂದು ಫಾರ್ಮುಲಾ ಬರೆದರು. ಚರ್ಮದಲ್ಲಿ ಕಪ್ಪು ಬಣ್ಣ ತಯಾರಾಗಲು ಟೈರೋಸಿನೇಸ್ ಅನ್ನುವ ಕಿಣ್ವ ಬೇಕು. ಹೈಡ್ರೋಕ್ವಿನೋನ್ ಅದನ್ನು ತಡೆಯುತ್ತದೆ. ಟ್ರೆಟಿನಾಯಿನ್ ಹಳೇ ಪದರ ಬೇಗ ಉದುರುವ ಹಾಗೆ ಮಾಡಿ, ಹೈಡ್ರೋಕ್ವಿನೋನ್ ಒಳಗೆ ಇಳಿಯಲೂ ನೆರವಾಗುತ್ತದೆ. ಇವೆರಡೂ ಸೇರಿದರೆ ಉರಿ ಜಾಸ್ತಿ, ಆ ಉರಿ ಕಡಿಮೆ ಮಾಡಲು ಸ್ಟೀರಾಯ್ಡ್. ಮೂರಕ್ಕೂ ಒಂದೊಂದು ಕೆಲಸ ಇದೆ. (ಈ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದವರೂ ಹೌದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2021ರಲ್ಲಿ ಅದಕ್ಕೆ ಕ್ಷಮೆ ಕೇಳಿತು. ಆ ಹೆಸರು ಬಂದಾಗಲೆಲ್ಲ ಇದೂ ನೆನಪಾಗುತ್ತದೆ, ಅದಕ್ಕೆ ಹೇಳಿದೆ.)

ಆಮೇಲೆ 2002ರಲ್ಲಿ ಎಫ್‌ಡಿಎ (ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ) ಒಪ್ಪಿಗೆ ಪಡೆದು ಟ್ರೈ-ಲೂಮಾ ಅನ್ನುವ ಕಂಪನಿ ಕ್ರೀಮ್ ಬಂತು. ಅದರಲ್ಲಿ ಹೈಡ್ರೋಕ್ವಿನೋನ್ ಶೇ. 4, ಟ್ರೆಟಿನಾಯಿನ್ ಶೇ. 0.05, ಫ್ಲುಯೊಸಿನೊಲೋನ್ (ಇದೇ ಸ್ಟೀರಾಯ್ಡ್) ಶೇ. 0.01. ಒಪ್ಪಿಗೆ ಕೊಟ್ಟದ್ದು 8 ವಾರಗಳವರೆಗಿನ ಬಳಕೆಗೆ. ನಿಮ್ಮ ಬಾಟಲಿಯಲ್ಲಿ ಹೈಡ್ರೋಕ್ವಿನೋನ್ ಅದರ ಎರಡರಷ್ಟಿದೆ, ಟ್ರೆಟಿನಾಯಿನ್ ಅರ್ಧ ಇದೆ.

ಹೀಗೆ ಬದಲಾಯಿಸಬಹುದಾ? ಡಾಕ್ಟರ್ ಬರೆದರೆ ಮಾಡಬಹುದು. ಕಾಂಪೌಂಡಿಂಗ್ ಇರುವುದೇ ಅದಕ್ಕೆ. ಯಾರಿಗೋ ಬೇಸ್‌ನಲ್ಲಿರುವ (ಔಷಧಿ ಕಲಸುವ ಬರೀ ಕ್ರೀಮಿನಲ್ಲಿರುವ) ಒಂದು ವಸ್ತು ಅಲರ್ಜಿ, ಯಾರಿಗೋ ಸ್ಟೀರಾಯ್ಡ್ ಬೇಡ, ಅಂಥವರಿಗೆ ಬೇರೆ ಮಾಡಿ ಕೊಡುತ್ತೇವೆ. ಮಾರುಕಟ್ಟೆಯಲ್ಲಿ ಇರುವ ಔಷಧಿಯನ್ನೇ ಯಥಾವತ್ ನಕಲು ಮಾಡಿ ಮಾರುತ್ತಾ ಕೂರುವ ಹಾಗಿಲ್ಲ. ಆದರೆ ಒಂದು ಮಾತು ನೆನಪಿರಲಿ: ನಾವು ಕಲಸಿಕೊಟ್ಟ ಯಾವ ಕ್ರೀಮಿಗೂ ಎಫ್‌ಡಿಎ ಒಪ್ಪಿಗೆ ಇರುವುದಿಲ್ಲ. ಅದರಲ್ಲಿರುವ ಒಂದೊಂದು ಔಷಧಿ ಹಳೆಯದು, ಪರೀಕ್ಷೆ ಆದದ್ದು. ಆ ಅಳತೆಯ ಮಿಶ್ರಣ ಮಾತ್ರ ಪರೀಕ್ಷೆ ಆದದ್ದಲ್ಲ.

ಬೆಣ್ಣೆದೋಸೆ_ಡಲ್ಲಾಸ್:
ಅಣ್ಣಾ, ತುಂಬಾ ಥ್ಯಾಂಕ್ಸ್. ಎಫ್‌ಡಿಎ ಒಪ್ಪಿಗೆ ಇಲ್ಲ ಅಂದಾಗ ಸ್ವಲ್ಪ ಎದೆ ಝಲ್ ಅಂತು. ಹಾಗಾದರೆ ಫಾರ್ಮಸಿ ಸರಿ ಇದೆಯಾ ಅಂತ ನಮಗೆ ಗೊತ್ತಾಗೋದು ಹೇಗೆ?

ಕುಟ್ಟಾಣಿ_ನ್ಯೂಜೆರ್ಸಿ:
ಹೆದರುವಷ್ಟೇನಿಲ್ಲ, ಕೇಳಿ ತಿಳಿದುಕೊಳ್ಳುವಷ್ಟಿದೆ. ಬಾಟಲಿ ಮೇಲಿನ ನಂಬರಿಗೆ ಫೋನ್ ಮಾಡಿ. ‘ಫಾರ್ಮಸಿಸ್ಟ್ ಹತ್ತಿರ ಮಾತಾಡಬೇಕು’ ಅನ್ನಿ, ಕೊಡಲೇಬೇಕು. ಟೆಕ್ಸಾಸಿಗೆ ಔಷಧಿ ಕಳಿಸಲು ಲೈಸೆನ್ಸ್ ಇದೆಯಾ ಕೇಳಿ. ಪಿಸಿಎಬಿ ಮಾನ್ಯತೆ (ಕಾಂಪೌಂಡಿಂಗ್ ಫಾರ್ಮಸಿಗಳ ಗುಣಮಟ್ಟ ನೋಡಿ ಕೊಡುವುದು) ಇದೆಯಾ ಕೇಳಿ. ಅದು ಕಡ್ಡಾಯವಲ್ಲ, ಇದ್ದರೆ ಒಳ್ಳೆಯ ಗುರುತು. ಲೈಸೆನ್ಸನ್ನು ಟೆಕ್ಸಾಸ್ ಫಾರ್ಮಸಿ ಬೋರ್ಡಿನ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು.

ಈ ನಿಯಮಗಳು ಬಿಗಿಯಾದದ್ದು 2012ರ ದುರಂತದಿಂದ. ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಕಂಪನಿ ಕಳಿಸಿದ ಸ್ಟೀರಾಯ್ಡ್ ಇಂಜೆಕ್ಷನ್ನಿನಲ್ಲಿ ಬೂಷ್ಟು ಸೇರಿತ್ತು. 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ 60ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ವರ್ಷವೇ ಹೊಸ ಕಾಯ್ದೆ ಬಂತು. ಬೆನ್ನುಹುರಿಯ ಹತ್ತಿರ ಚುಚ್ಚುವ ಔಷಧಿಗೂ ಮುಖದ ಕ್ರೀಮಿಗೂ ಅಪಾಯ ಒಂದೇ ಅಲ್ಲ, ಆದರೆ ಕಲಸುವ ಜಾಗದ ಶಿಸ್ತು ಎರಡಕ್ಕೂ ಬೇಕು.

ಶಿಸ್ತು ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. 30 ಗ್ರಾಂ ಕ್ರೀಮಿನಲ್ಲಿ ಶೇ. 8 ಅಂದರೆ ಹೈಡ್ರೋಕ್ವಿನೋನ್ 2.4 ಗ್ರಾಂ. ಟ್ರೆಟಿನಾಯಿನ್ ಶೇ. 0.025 ಅಂದರೆ ಬರೀ 7.5 ಮಿಲಿಗ್ರಾಂ. ಸ್ಟೀರಾಯ್ಡ್ ಇನ್ನೂ ಕಡಿಮೆ, 3 ಮಿಲಿಗ್ರಾಂ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಪುಡಿ. ಅದನ್ನು 30 ಗ್ರಾಂಗೂ ಸಮನಾಗಿ ಹರಡಬೇಕು. ಒಂದೇ ಸಲ ಸುರಿದು ತಿರುವಿದರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಖಾಲಿ. ಅದಕ್ಕೇ ಮೊದಲು ಪುಡಿಯಷ್ಟೇ ಬೇಸ್ ಸೇರಿಸಿ ಕಲಸುತ್ತೇವೆ, ಆಮೇಲೆ ಅದರಷ್ಟೇ ಇನ್ನೊಮ್ಮೆ, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುತ್ತೇವೆ. ಕೊನೆಗೆ ಮಿಲ್ಲಿನಲ್ಲಿ ಅರೆಯುತ್ತೇವೆ. ನಿಮ್ಮ ಕ್ರೀಮಿನಲ್ಲಿ ಮರಳು ಮರಳಾಗಿ ಕೈಗೆ ಸಿಕ್ಕಿದರೆ ಹಚ್ಚಬೇಡಿ, ವಾಪಸ್ ಕಳಿಸಿ.

ಸುಮ್ನೆ_ಓದೋನು:
ಬೇಳೆ ಸಾರಿಗೆ ಇಂಗು ಹಾಕೋಕೂ ಇಷ್ಟು ತಲೆ ಓಡಿಸಲ್ಲ ನಾವು 😄 ಮುಂದುವರಿಸಿ ಸರ್.

ಕುಡ್ಲ_ಸ್ಕಿನ್:
ಈಗ ಬಿಡುವಾಯಿತು. ಫಾರ್ಮಸಿಸ್ಟ್ ಸರ್ ಹೇಳಿದ್ದು ಸರಿ ಇದೆ. ಆದರೆ ಶೇ. 8ರ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ನಮ್ಮಂಥ ಕಂದು ಚರ್ಮದವರ ಮುಖಕ್ಕೆ ಮೊದಲ ಸಲವೇ ಶೇ. 8 ಬರೆಯುವುದು ನನಗೆ ಒಪ್ಪಿಗೆ ಇಲ್ಲ, ಅದೂ ಫೋಟೋ ನೋಡಿ. ಪ್ರಮಾಣ ಏರಿಸಿದಷ್ಟೂ ಗುಣ ಏರುವುದಿಲ್ಲ, ಉರಿ ಮಾತ್ರ ಏರುತ್ತದೆ. ನಮ್ಮ ಚರ್ಮ ಉರಿದು ಕೆಂಪಾದರೆ ಆಮೇಲೆ ಅಲ್ಲೇ ಕಪ್ಪು ಕಲೆ ಉಳಿಯುತ್ತದೆ. ಬಂಗು ಕಳೆಯಲು ಹೋಗಿ ಬಂಗಿನ ಸುತ್ತ ಇನ್ನೊಂದು ಕಲೆ ತರಿಸಿಕೊಂಡವರನ್ನು ನೋಡುತ್ತಲೇ ಇರುತ್ತೇವೆ.

ಇದಕ್ಕಿಂತ ಕೆಟ್ಟದ್ದು ಓಕ್ರೊನೋಸಿಸ್. 1975ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗುರುತಿಸಿದ್ದು. ಅಲ್ಲಿ ಹೆಂಗಸರು ಬಿಳುಪಾಗಲು ಹೈಡ್ರೋಕ್ವಿನೋನ್ ಕ್ರೀಮನ್ನು ವರ್ಷಾನುಗಟ್ಟಲೆ ಹಚ್ಚುತ್ತಿದ್ದರು. ಚರ್ಮದ ಒಳಪದರದಲ್ಲಿ ನೀಲಿ-ಬೂದು ಬಣ್ಣ ಕೂತುಬಿಡುತ್ತದೆ. ತೆಗೆಯುವುದು ಬಹಳ ಕಷ್ಟ. ಮೋಸ ಏನೆಂದರೆ, ಮುಖ ಕಪ್ಪಾಗುತ್ತಿದೆ ಅಂತ ಜನ ಅದೇ ಕ್ರೀಮನ್ನು ಇನ್ನೂ ಜಾಸ್ತಿ ಹಚ್ಚುತ್ತಾರೆ. ಅದಕ್ಕೇ ನಾವು ಮೂರು ನಾಲ್ಕು ತಿಂಗಳಾದ ಮೇಲೆ ನಿಲ್ಲಿಸಿ ಬೇರೆ ಔಷಧಿಗೆ ಬದಲಾಯಿಸುವುದು. ‘ಎಷ್ಟು ದಿನ’ ಅಂತ ಬರೆಯದೆ ಕೊಟ್ಟ ಚೀಟಿ ಅರ್ಧ ಚೀಟಿ.

ತಂಗೀ, ನಾಲ್ಕು ಪ್ರಶ್ನೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತೀಯಾ? ಮಗುವಿಗೆ ಹಾಲು ಕೊಡುತ್ತಿದ್ದೀಯಾ ಅಥವಾ ಇನ್ನೊಂದು ಮಗುವಿನ ಯೋಚನೆ ಇದೆಯಾ? ಥೈರಾಯ್ಡ್ ಪರೀಕ್ಷೆ ಆಗಿದೆಯಾ? ದಿನಾ ಕಾರು ಓಡಿಸುತ್ತೀಯಾ?

ಬೆಣ್ಣೆದೋಸೆ_ಡಲ್ಲಾಸ್:
ಡಾಕ್ಟ್ರೇ, ಮಾತ್ರೆ ಹೌದು, ಎರಡು ವರ್ಷದ ಮೇಲಾಯಿತು. ಹಾಲು ಬಿಡಿಸಿಯಾಗಿದೆ, ಮೂರನೆಯದರ ಯೋಚನೆ ಖಂಡಿತ ಇಲ್ಲ. ಥೈರಾಯ್ಡ್ ನೋಡಿಸಿಲ್ಲ. ಕಾರು ದಿನಾ, ಆಫೀಸಿಗೆ ಹೋಗಿ ಬರುವುದು. ಆನ್‌ಲೈನ್ ಫಾರಂನಲ್ಲಿ ‘ಗರ್ಭಿಣಿಯೇ’ ಅಂತ ಮಾತ್ರ ಕೇಳಿದ್ದರು. ಎಡಗೆನ್ನೆ ಸ್ವಲ್ಪ ಜಾಸ್ತಿ ಕಪ್ಪಿದೆ.

ಕುಡ್ಲ_ಸ್ಕಿನ್:
ನೋಡು, ಎಡಗೆನ್ನೆ! ಅಮೆರಿಕದಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾರೆ, ಕಿಟಕಿ ಬಿಸಿಲು ಎಡಗೆನ್ನೆಗೆ. ನಮ್ಮಲ್ಲಿ ಬಲಕ್ಕೆ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿ-ಬಿಯನ್ನು ಬಾಗಿಲಿನ ಗಾಜು ತಡೆಯುತ್ತದೆ, ಯುವಿ-ಎ ಬಹಳಷ್ಟು ಒಳಗೆ ಬಿಡುತ್ತದೆ.

ಮಾತ್ರೆಯ ವಿಷಯ ಮುಖ್ಯ. ಈಸ್ಟ್ರೋಜನ್ ಇರುವ ಮಾತ್ರೆ ಬಂಗನ್ನು ಹಿಡಿದಿಡುತ್ತದೆ. ಒಂದು ಕಡೆ ಮಾತ್ರೆ ಬಣ್ಣ ತರಿಸುತ್ತಿದ್ದರೆ ಇನ್ನೊಂದು ಕಡೆ ಕ್ರೀಮು ತೆಗೆಯುತ್ತಾ ಇರಬೇಕು. ನೀನಾಗೇ ನಿಲ್ಲಿಸಬೇಡ, ಹೆರಿಗೆ ಡಾಕ್ಟರ್ ಹತ್ತಿರ ಹೋಗಿ ಬೇರೆ ದಾರಿ ಕೇಳು, ಕಾಪರ್-ಟಿ ತರದ್ದು. ಇನ್ನೊಂದು ವಿಷಯ: ಬಂಗಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡುತ್ತಾರೆ, ಸಾಮಾನ್ಯವಾಗಿ 250 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಮುಟ್ಟಿನ ರಕ್ತಸ್ರಾವಕ್ಕೆ ಕೊಡುವ ಔಷಧಿ ಅದು, ಬಂಗಿಗೂ ಕೆಲಸ ಮಾಡುತ್ತದೆ. ಯಾರಾದರೂ ಅದನ್ನು ಸೂಚಿಸಿದರೆ ಗರ್ಭನಿರೋಧಕ ಮಾತ್ರೆಯ ವಿಷಯ ಮೊದಲು ಹೇಳು. ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ.

ಹುಬ್ಬಳ್ಳಿ_ಮಿರ್ಚಿ:
ಇಲ್ಲಿ ಬರೆಯಬೇಕೋ ಬೇಡವೋ ಅಂತಿದ್ದೆ. ನಮ್ಮ ಅಕ್ಕನಿಗೂ ಇದೇ ಆಯಿತು, ಆದರೆ ಹುಬ್ಬಳ್ಳಿಯಲ್ಲಿ, ಕಾಂಪೌಂಡಿಂಗೂ ಇಲ್ಲ ಏನೂ ಇಲ್ಲ. ಪಕ್ಕದ ಮೆಡಿಕಲ್ ಶಾಪಿನವರು ‘ಇದು ಎಲ್ಲರೂ ಒಯ್ಯುತ್ತಾರೆ’ ಅಂತ ಒಂದು ಟ್ಯೂಬ್ ಕೊಟ್ಟರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್. ಹಚ್ಚಿದ ಹದಿನೈದು ದಿನಕ್ಕೆ ಮುಖ ಹೊಳೆಯಿತು. ಎಲ್ಲರೂ ‘ಏನ್ ಹಚ್ಚುತ್ತೀಯವ್ವಾ’ ಅಂತ ಕೇಳಿದ್ದೇ ಕೇಳಿದ್ದು. ಆಕೆ ವರ್ಷಗಟ್ಟಲೆ ಹಚ್ಚಿದಳು. ಈಗ ಬಿಸಿಲಿಗೆ ಹೋದರೆ ಕೆಂಡ ಹಾಕಿದಂಗ ಉರಿ, ಕೆನ್ನೆ ಮೇಲೆ ಕೆಂಪು ನರಗಳು ಕಾಣುತ್ತವೆ, ಗಲ್ಲದ ಮೇಲೆ ಕೂದಲು. ಬಿಟ್ಟರೆ ಮೊಡವೆ, ಹಚ್ಚಿದರೆ ಇದು. ಅವಳ ಮುಖ ನೋಡಿದರೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗಲ್ಲ.

ಕುಡ್ಲ_ಸ್ಕಿನ್:
ಇದಕ್ಕೆ ನಮ್ಮ ದೇಶದ ಚರ್ಮವೈದ್ಯರು ಒಂದು ಹೆಸರೇ ಇಟ್ಟಿದ್ದಾರೆ, ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’. ಅಷ್ಟು ಸಾಮಾನ್ಯ. ಮೊಮೆಟಸೋನ್ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯ್ಡೇ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳಿಗೆ ಇದ್ದ ರಿಯಾಯಿತಿ ತೆಗೆದು, ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ಕಾಗದದಲ್ಲಿದೆ. ಅಂಗಡಿಯಲ್ಲಿ ಹೆಸರು ಹೇಳಿದರೆ ಇವತ್ತಿಗೂ ಕೊಡುವವರಿದ್ದಾರೆ.

ಅಕ್ಕನಿಗೆ ಹೇಳಿ, ಒಂದೇ ದಿನಕ್ಕೆ ನಿಲ್ಲಿಸಿ ಒದ್ದಾಡುವುದು ಬೇಡ. ಚರ್ಮದ ಡಾಕ್ಟರ್ ಹತ್ತಿರ ಹೋದರೆ ಕಡಿಮೆ ಶಕ್ತಿಯದ್ದಕ್ಕೆ ಇಳಿಸಿ, ಉರಿಗೆ ಬೇರೆ ಕೊಟ್ಟು, ನಿಧಾನ ಬಿಡಿಸುತ್ತಾರೆ. ತಿಂಗಳುಗಳು ಹಿಡಿಯುತ್ತವೆ, ಆದರೆ ಚರ್ಮ ಬಹಳ ಮಟ್ಟಿಗೆ ಸುಧಾರಿಸುತ್ತದೆ. ಮೊದಲ ವಾರಗಳಲ್ಲಿ ಇನ್ನೂ ಕೆಟ್ಟದಾಗಿ ಕಂಡರೆ ಹೆದರಿ ಮತ್ತೆ ಆ ಟ್ಯೂಬ್ ಹಿಡಿಯದಿರಲಿ.

ಹೆಸರಿಲ್ಲದ ಡಬ್ಬಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021-23ರಲ್ಲಿ ಫೇರ್‌ನೆಸ್ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಸಿಕ್ಕಿತು. ಮೂತ್ರದಲ್ಲಿ ಪ್ರೋಟೀನ್ ಹೋಗಿ ಮೈ ಬಾತುಕೊಳ್ಳುತ್ತಿತ್ತು. ಕಾರಣ ಕ್ರೀಮಿನಲ್ಲಿದ್ದ ಪಾದರಸ. ಫಾರ್ಮಸಿಯಲ್ಲಿ ಮಾಡಿಸಿದ ಬಾಟಲಿಗೆ ಕನಿಷ್ಠ ಲೇಬಲ್ ಇದೆ, ಕೇಳಿದರೆ ಉತ್ತರ ಕೊಡುವವರಿದ್ದಾರೆ.

ಸುಮ್ನೆ_ಓದೋನು:
ಡಾಕ್ಟ್ರೇ, ಗಂಡಸರಿಗೂ ಬಂಗು ಬರುತ್ತಾ? ನನಗೆ ಹಣೆಯ ಎರಡು ಬದಿ ಮತ್ತು ಕೆನ್ನೆ ಮೂಳೆ ಹತ್ತಿರ ಕಪ್ಪಾಗಿದೆ. ಹೆಂಡತಿ ಇದೇ ತರ ಕ್ರೀಮ್ ತರಿಸು ಅನ್ನುತ್ತಿದ್ದಾಳೆ.

ಕುಡ್ಲ_ಸ್ಕಿನ್:
ಗಂಡಸರಿಗೂ ಬರುತ್ತದೆ. ಆದರೆ ನೀವು ಹೇಳುವುದು ಬೇರೆಯೂ ಇರಬಹುದು. ಕತ್ತಿನ ಹಿಂದೆ, ಕಂಕುಳಲ್ಲೂ ಕಪ್ಪಾಗಿ, ಮುಟ್ಟಿದರೆ ದಪ್ಪವಾಗಿ ಮಖಮಲ್ಲಿನಂತೆ ಇದೆಯಾ? ಹೊಟ್ಟೆ ಬಂದಿದೆಯಾ? ಹಾಗಿದ್ದರೆ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಕ್ರೀಮ್ ಬಿಟ್ಟು ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಸಮೇತ. ಕೂದಲಿಗೆ ಡೈ ಹಚ್ಚುತ್ತೀರಾದರೆ ಅದರಿಂದಲೂ ಹಣೆಯ ಅಂಚು ಕಪ್ಪಾಗಬಹುದು. ಮುಖದ ಕಪ್ಪೆಲ್ಲ ಬಂಗಲ್ಲ. ಫೋಟೋ ನೋಡಿ ಚೀಟಿ ಬರೆಯುವುದರ ಬಗ್ಗೆ ನನ್ನ ತಕರಾರು ಇದೇ.

ಸುಮ್ನೆ_ಓದೋನು:
ಹೊಟ್ಟೆ ಬಗ್ಗೆ ಎಲ್ಲರ ಮುಂದೆ ಕೇಳಿಬಿಟ್ರಲ್ಲ ಡಾಕ್ಟ್ರೇ. ಕತ್ತು ಹೌದು. ಲ್ಯಾಬಿಗೆ ಹೋಗುತ್ತೇನೆ.

ಸಿರ್ಸಿ_ಸೀಮೆ:
ನಾನೂ ಇಲ್ಲೇ ಅಮೆರಿಕದಲ್ಲಿದ್ದೇನೆ, ಬಾಸ್ಟನ್ ಕಡೆ. ನನಗೆ ಮಾಡಿಸಿದ ಕ್ರೀಮ್ ಬಿಳಿ ಇದ್ದದ್ದು ಈಗ ಚಹಾ ಬಣ್ಣಕ್ಕೆ ತಿರುಗಿದೆ. ದುಡ್ಡು ಜಾಸ್ತಿ ಕೊಟ್ಟಿದ್ದೇನೆ, ಇನ್ಶೂರೆನ್ಸೂ ಕೊಡಲಿಲ್ಲ. ಹಚ್ಚಬಹುದಾ?

ಕುಟ್ಟಾಣಿ_ನ್ಯೂಜೆರ್ಸಿ:
ಹಚ್ಚಬೇಡಿ. ಹೈಡ್ರೋಕ್ವಿನೋನ್ ಗಾಳಿ, ಬೆಳಕು ತಗುಲಿದರೆ ಕಂದಾಗುತ್ತದೆ. ಕೆಲಸ ಕಡಿಮೆ, ಉರಿ ಜಾಸ್ತಿ. ಇದನ್ನು ತಡೆಯಲು ನಾವು ಸೋಡಿಯಂ ಮೆಟಾಬೈಸಲ್ಫೈಟ್ ಅಥವಾ ವಿಟಮಿನ್ ಸಿ ಸೇರಿಸುತ್ತೇವೆ. ಸಲ್ಫೈಟ್ ಅಲರ್ಜಿ ಇರುವವರು, ಅಸ್ತಮಾ ಇರುವವರು ಮೊದಲೇ ಹೇಳಬೇಕು. ಗಾಳಿಯಾಡದ ಪಂಪಿನಲ್ಲೇ ಕೊಡಿ ಅಂತ ಕೇಳಿ, ಅಗಲ ಬಾಯಿಯ ಡಬ್ಬಿಯಲ್ಲಿ ಕೊಟ್ಟರೆ ಬೇಡ ಅನ್ನಿ. ಬಾತ್‌ರೂಮಿನಲ್ಲಿ ಇಡಬೇಡಿ. ಫ್ರಿಜ್ಜಿನಲ್ಲಿ ಇಡಬೇಕಾ ಅನ್ನುವುದು ಬೇಸ್ ಮೇಲೆ ಹೋಗುತ್ತದೆ, ಲೇಬಲ್ ಹೇಳಿದಂತೆ ಮಾಡಿ.

ಬಾಟಲಿ ಮೇಲೆ ‘ಇಷ್ಟರೊಳಗೆ ಬಳಸಿ’ ಅಂತ ತಾರೀಖು ಇರುತ್ತದೆ. ಅದು ಕಂಪನಿ ಟ್ಯೂಬಿನ ಎಕ್ಸ್‌ಪೈರಿ ತರ ವರ್ಷಗಳ ಲೆಕ್ಕ ಅಲ್ಲ. 2023ರಿಂದ ಜಾರಿಗೆ ಬಂದ ಯುಎಸ್‌ಪಿ (ಅಮೆರಿಕದಲ್ಲಿ ಔಷಧಿ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ) ನಿಯಮದಲ್ಲಿ, ನೀರಿನಂಶ ಇರುವ, ಪ್ರಿಸರ್ವೇಟಿವ್ ಹಾಕಿದ ಕ್ರೀಮಿಗೆ 35 ದಿನ. ಪ್ರಿಸರ್ವೇಟಿವ್ ಇಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟು 14 ದಿನ. ನೀರಿಲ್ಲದ ಬೇಸ್ ಆದರೆ 180 ದಿನದವರೆಗೆ. ಅದಕ್ಕಿಂತ ಜಾಸ್ತಿ ಬರೆದಿದ್ದರೆ ಬಾಳಿಕೆ ಪರೀಕ್ಷೆಯ ಆಧಾರ ಇರಬೇಕು. ಹಾಗಾಗಿ ದೊಡ್ಡ ಬಾಟಲಿ ಅಗ್ಗ ಅಂತ ತೆಗೆದುಕೊಳ್ಳಬೇಡಿ. ಹದಿನೈದು ಗ್ರಾಂ ಸಾಕು ಅನ್ನಿ.

ಬೆಣ್ಣೆದೋಸೆ_ಡಲ್ಲಾಸ್:
ಮತ್ತೆ ಬಂದೆ. ಎಲ್ಲರೂ ಹೇಳಿದ ಮೇಲೆ ಆ ಬಾಟಲಿ ತೆರೆಯಲೇ ಇಲ್ಲ. ಯಾರದೋ ಅಪಾಯಿಂಟ್‌ಮೆಂಟ್ ರದ್ದಾಗಿ ಇಲ್ಲಿನ ಚರ್ಮದ ಡಾಕ್ಟರ್ ಸಿಕ್ಕರು. ಕತ್ತಲೆ ಕೋಣೆಯಲ್ಲಿ ನೀಲಿ ದೀಪ ಬಿಟ್ಟು ನೋಡಿದರು. ಕಲೆ ಹೆಚ್ಚಾಗಿ ಮೇಲ್ಪದರದಲ್ಲೇ ಇದೆಯಂತೆ. ಹೊಸ ಚೀಟಿ: ಹೈಡ್ರೋಕ್ವಿನೋನ್ ಶೇ. 4, ಟ್ರೆಟಿನಾಯಿನ್ ಶೇ. 0.025, ಹೈಡ್ರೋಕಾರ್ಟಿಸೋನ್ ಶೇ. 1. ಕೋಜಿಕ್ ತೆಗೆದರು. 12 ವಾರ, ಆಮೇಲೆ ನಿಲ್ಲಿಸಿ ಅಜೆಲೇಯಿಕ್ ಆಸಿಡ್. ಮಾತ್ರೆ ಬದಲಾಯಿಸಲು ಹೆರಿಗೆ ಡಾಕ್ಟರ್ ಹತ್ತಿರ ಹೋಗಬೇಕು. ಇದೂ ಕಾಂಪೌಂಡಿಂಗ್ ಫಾರ್ಮಸಿಯದ್ದೇ, ಆದರೆ ಊರೊಳಗಿನದು, ಫಾರ್ಮಸಿಸ್ಟ್ ಎದುರಿಗೇ ನಿಂತು ಹೇಳಿದರು. ಹಚ್ಚುವುದು ಹೇಗೆ ಅಂತ ಇನ್ನೊಮ್ಮೆ ಹೇಳುತ್ತೀರಾ?

ಕುಡ್ಲ_ಸ್ಕಿನ್:
ಈ ಚೀಟಿ ನೋಡಿ ಖುಷಿಯಾಯಿತು. ಮುಖ ತೊಳೆದು ಪೂರ್ತಿ ಒಣಗಲಿ. ಮಲಗುವ ಅರ್ಧ ಗಂಟೆ ಮೊದಲು, ಕಲೆ ಮೇಲೆ ಮತ್ತು ಅದರ ಸುತ್ತ ಅರ್ಧ ಇಂಚು, ತೆಳ್ಳಗೆ. ಕಣ್ಣು, ಮೂಗಿನ ಮೂಲೆ, ಬಾಯಿಯ ಮೂಲೆ ಬಿಡು. ಉರಿ ಜಾಸ್ತಿಯಾದರೆ ದಿನ ಬಿಟ್ಟು ದಿನ ಹಚ್ಚು. ಮೊಡವೆಯ ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೆ ಬೇಡ, ಚರ್ಮದ ಮೇಲೆ ಕಲೆ ಹಿಡಿಯುತ್ತದೆ. ಮುಖದಲ್ಲಿ ವ್ಯಾಕ್ಸಿಂಗ್ ಮಾಡಿಸಬೇಡ, ಟ್ರೆಟಿನಾಯಿನ್ ಹಚ್ಚಿದ ಚರ್ಮ ಕಿತ್ತು ಬರುತ್ತದೆ.

ಸನ್‌ಸ್ಕ್ರೀನ್ ಮಾತ್ರ ರಾಜಿ ಇಲ್ಲ. ಎಸ್‌ಪಿಎಫ್ ನಂಬರ್ ನೋಡಿದರೆ ಸಾಲದು, ಅದು ಮುಖ್ಯವಾಗಿ ಯುವಿ-ಬಿ ಲೆಕ್ಕ. ನಮ್ಮ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗು ಏರಿಸುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯುವುದಿಲ್ಲ. ಬಣ್ಣ ಇರುವುದನ್ನು ತಗೋ, ಪದಾರ್ಥಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಇರಬೇಕು. ಎರಡು ಬೆರಳುದ್ದ ಮುಖಕ್ಕೆ ಮತ್ತು ಕತ್ತಿಗೆ. ಎರಡು ಮೂರು ಗಂಟೆಗೊಮ್ಮೆ ಮತ್ತೆ.

ಮೈಸೂರುಪಾಕು_ಆಂಟಿ:
ಬಣ್ಣದ ಸನ್‌ಸ್ಕ್ರೀನಾ! ನಮ್ಮ ಕಾಲದಲ್ಲಿ ಸೆರಗು ಹೊದ್ದುಕೊಂಡು ಹೋಗುತ್ತಿದ್ದೆವು.

ಕುಡ್ಲ_ಸ್ಕಿನ್:
ಸೆರಗು ಬಹಳ ಒಳ್ಳೆಯದು ಆಂಟಿ, ನಿಜಕ್ಕೂ. ಬಟ್ಟೆಗಿಂತ ಒಳ್ಳೆಯ ಸನ್‌ಸ್ಕ್ರೀನ್ ಇಲ್ಲ. ಅದನ್ನು ಹೇಳಿ ನಿಂಬೆಹಣ್ಣು ಬಿಡಿ.

ಬೆಣ್ಣೆದೋಸೆ_ಡಲ್ಲಾಸ್:
ಕೊನೆಯದಾಗಿ ಒಂದು. ದಾವಣಗೆರೆಯಲ್ಲಿರುವ ಅತ್ತಿಗೆಗೂ ಬಂಗಿದೆ. ಆ ಶೇ. 8ರ ಬಾಟಲಿ ಹೇಗೂ ತೆರೆದಿಲ್ಲ, ಡಿಸೆಂಬರಿನಲ್ಲಿ ಊರಿಗೆ ಬರುವಾಗ ತಂದುಕೊಡು ಅನ್ನುತ್ತಿದ್ದಾರೆ. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಕುಟ್ಟಾಣಿ_ನ್ಯೂಜೆರ್ಸಿ:
ಬೇಡವೇ ಬೇಡ. ಅದರ ಮೇಲೆ ನಿಮ್ಮ ಹೆಸರಿದೆ, ನಿಮ್ಮ ಚೀಟಿಗೆ ಮಾಡಿದ್ದು. ಡಿಸೆಂಬರ್ ಅಷ್ಟರಲ್ಲಿ ತಾರೀಖೂ ಮುಗಿದಿರುತ್ತದೆ. ಅವರು ಗರ್ಭಿಣಿಯಾದರೆ ಟ್ರೆಟಿನಾಯಿನ್ ಬೇರೆ ತೊಂದರೆ. ಹತ್ತಿರದ ಫಾರ್ಮಸಿಯಲ್ಲಿ ಹಳೇ ಔಷಧಿ ಹಾಕುವ ಡಬ್ಬ ಇರುತ್ತದೆ, ಅಲ್ಲಿ ಹಾಕಿ. ಅತ್ತಿಗೆಗೆ ಬಣ್ಣದ ಸನ್‌ಸ್ಕ್ರೀನ್ ಒಯ್ಯಿರಿ.

ಕುಡ್ಲ_ಸ್ಕಿನ್:
ಜೊತೆಗೆ ದಾವಣಗೆರೆಯಲ್ಲೇ ಚರ್ಮದ ಡಾಕ್ಟರ್ ಇದ್ದಾರೆ ಅಂತಲೂ ಹೇಳು. ಅಲ್ಲಿ ನಿನ್ನ ಹಾಗೆ ತಿಂಗಳುಗಟ್ಟಲೆ ಕಾಯಬೇಕಿಲ್ಲ, ನಾಳೆ ಬೆಳಿಗ್ಗೆ ಟೋಕನ್ ತೆಗೆದುಕೊಂಡರೆ ಆಯಿತು.